ಗೆರೆ ಹೊಡೆದ ಸಾಲು

ಹೊಳಲಿನ ಮದುವೆಯಿಂದ ತಂದ ತಾಂಬೂಲದ ಚೀಲವನ್ನು ಸುಂಕಮ್ಮ ಪಡಸಾಲೆಯ ನಡುವೆ ಬೋರಲು ಹಾಕಿದಳು. ತೆಂಗಿನಕಾಯಿ ಉರುಳಿಕೊಂಡು ಹೋಗಿ ಕಂಬಕ್ಕೆ ಬಡಿಯಿತು. ಎಲೆ, ಅಡಿಕೆ, ಎರಡು ಬಾಳೆಹಣ್ಣು ಚೆಲ್ಲಿದವು. ಎಲ್ಲದರ ಕೊನೆಗೆ ಉದುರಿದ್ದು ಅಂಗೈಯಗಲದ ಒಂದು ಪುಸ್ತಕ. ಹೊಳೆಯುವ ರಟ್ಟು, ರಟ್ಟಿನ ಮೇಲೆ ಎರಡು ಗುಬ್ಬಿ, ಬೆನ್ನಿಗೆ ಮದುಮಕ್ಕಳ ಫೋಟೋ. ಸುಂಕಮ್ಮನಿಗೆ ಓದಲು ಬರುವುದಿಲ್ಲ. ಆದರೂ ಆ ಅಳತೆಯ ಪುಸ್ತಕ ಯಾರದೆಂದು ಅವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಎರಡು ಬೆರಳಲ್ಲಿ ಅದನ್ನೆತ್ತಿಕೊಂಡು ಹಿತ್ತಲಿಗೆ ನಡೆದಳು. ಸ್ನಾನದ ಹಂಡೆಯ ಕೆಳಗೆ ಉರಿಯುತ್ತಿದ್ದ ಒಲೆಗೆ ನೂಕಿದಳು. ಸರಿಯಾಗಿ ಹತ್ತಿಕೊಳ್ಳಲಿ ಎಂದು ಕೊಳವೆಯಿಂದ ಊದಿದಳು ಕೂಡ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಕೋಮಲಾ ತಡೆಯಲು ಹೋಗಲಿಲ್ಲ. ಹನ್ನೊಂದು ವರ್ಷದಲ್ಲಿ ಇಂಥವು ಎಷ್ಟು ಉರಿದುಹೋದವೋ, ಎಣಿಸುವುದನ್ನು ಬಿಟ್ಟೇ ಬಹಳ ಕಾಲವಾಗಿತ್ತು. ಈ ಪುಸ್ತಕದ ಹೆಸರು ‘ಕೂಡಿ ಬಾಳಲು ಅರವತ್ತು ಮಾತು’. ಅರವತ್ತೂ ಮಾತು ಸೇರಿ ಒಂದು ಹಂಡೆ ನೀರನ್ನು ಉಗುರುಬೆಚ್ಚಗೆ ಮಾಡುವಷ್ಟು ಹೊತ್ತೂ ಉರಿಯಲಿಲ್ಲ.

“ಸುಳ್ಳಿನ ಪುಸ್ತಕ,” ಎಂದಳು ಸುಂಕಮ್ಮ, ಸೆರಗಿನಿಂದ ಕಣ್ಣಿನ ಹೊಗೆ ಒರೆಸಿಕೊಳ್ಳುತ್ತ. “ಸುಟ್ರ ನೀರರೆ ಬಿಸಿ ಆಗ್ತಾವ.”

ಆ ಪುಸ್ತಕ ಬರೆದವರು ಹರಪನಹಳ್ಳಿ ಕಡೆಯ ಅರಸೀಕೆರೆಯ ಗಂಗಪ್ಪ ಮಾಸ್ತರರು. ಸುಂಕಮ್ಮನ ಒಡಹುಟ್ಟಿದ ತಮ್ಮ. ಕೋಮಲಾಳನ್ನು ಹೆತ್ತ ಅಪ್ಪ.

ಈ ಕಡೆ ಈಗ ಕೆಲವು ಮನೆಗಳಲ್ಲಿ ಮದುವೆಗೆ ಬಂದವರಿಗೆ ಸ್ಟೀಲಿನ ಬಟ್ಟಲು ಕೊಡುವುದು ಹೋಗಿ, ಎಲೆ ಅಡಿಕೆಯ ಜೊತೆ ಒಂದು ಪುಟ್ಟ ಪುಸ್ತಕ ಇಡುವ ರೂಢಿ ಬಂದಿದೆ. ಬದುಕು, ಪ್ರೀತಿ, ನೆಮ್ಮದಿ ಎಂದು ನಾಲ್ಕು ಒಳ್ಳೆಯ ಮಾತು ಅದರಲ್ಲಿರುತ್ತವೆ. ಬಸ್ಸಿನಲ್ಲಿ ಊರು ಮುಟ್ಟುವುದರೊಳಗೆ ಓದಿ ಮುಗಿಸಬಹುದು. ಆ ಬಗೆಯ ಪುಸ್ತಕ ಬೇಕೆಂದರೆ ಕೂಡ್ಲಿಗಿಯವರೂ ಹಡಗಲಿಯವರೂ ನೆನೆಯುವುದು ಗಂಗಪ್ಪ ಮಾಸ್ತರರನ್ನೇ. ಹಗರಿಬೊಮ್ಮನಹಳ್ಳಿಯ ಒಬ್ಬ ಹೆಂಗಸು ಗಂಡನ ಮನೆ ಬಿಟ್ಟು ಬಂದವಳು ಅವರ ಪುಸ್ತಕ ಓದಿ ಮರುದಿನವೇ ಹಿಂತಿರುಗಿದಳಂತೆ. ಅದನ್ನು ಕೇಳಿದಾಗ ಕೋಮಲಾ ನಕ್ಕಿದ್ದಳು. ಊರಿನ ಮುರಿದ ಮನೆಗಳನ್ನೆಲ್ಲ ಕೂಡಿಸುವ ಅಪ್ಪನ ಪುಸ್ತಕ ತನ್ನ ಮನೆಗೆ ಬಂದರೆ ಮಾತ್ರ ಒಲೆ ಸೇರುತ್ತದಲ್ಲ ಎಂದು ನಕ್ಕು, ಆಮೇಲೆ ಬಚ್ಚಲಿಗೆ ಹೋಗಿ ಅತ್ತಿದ್ದಳು.

ಅಕ್ಕ ತಮ್ಮ ಮೊದಲಿನಿಂದ ಹೀಗಿದ್ದವರಲ್ಲ. ಅವರದು ಕುರಿ ಕಾಯುವ ಮನೆತನ, ಮೈಲಾರಲಿಂಗನ ಒಕ್ಕಲು. ತಾಯಿ ಸತ್ತಾಗ ಸುಂಕಮ್ಮನಿಗೆ ಒಂಬತ್ತು, ಗಂಗಪ್ಪನಿಗೆ ನಾಲ್ಕು. ಎರಡನೇ ಇಯತ್ತೆಗೇ ಶಾಲೆ ಬಿಟ್ಟು ಅವಳು ಕುರಿಯ ಹಿಂದೆ ಹೋದಳು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟು, ಸಂಜೆ ಮತ್ತೆ ಹೊತ್ತುಕೊಂಡು ಬರುತ್ತಿದ್ದಳು. ಅವನು ಓದಿ ಮಾಸ್ತರನಾದ. ಅಕ್ಕನ ಮಗ ಜಂಬುನಾಥನಿಗೆ ಹತ್ತೊಂಬತ್ತು ವರ್ಷದ ಹಿಂದೆ ತನ್ನ ಒಬ್ಬಳೇ ಮಗಳನ್ನು ಕೊಟ್ಟು ಕೊಟ್ಟೂರಿಗೆ ಕಳಿಸಿದ. ಹುಟ್ಟಿದಂದಿನಿಂದ ‘ಅತ್ತಿ, ನೀ’ ಎನ್ನುತ್ತಿದ್ದ ಕೋಮಲಾ ಸೊಸೆಯಾದ ದಿನದಿಂದ ‘ಅತ್ತಿ, ನೀವು’ ಎನ್ನತೊಡಗಿದಳು. ಬದಲಾಗಿದ್ದು ಅಷ್ಟೇ.

ಆಮೇಲೆ ಗಂಗಪ್ಪ ಮಾಸ್ತರರ ನಿವೃತ್ತಿಯ ದಿನ ಬಂತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಅವರ ಮೊದಲ ಪುಟ್ಟ ಪುಸ್ತಕದ ಬಿಡುಗಡೆ. ಸುಂಕಮ್ಮ ಹಸಿರು ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಪುಸ್ತಕದಲ್ಲಿ ನಿನ್ನ ಹೆಸರು ಬಂದೇ ಬರ್ತೈತಿ ಎಂದು ಓಣಿಯವರೆಲ್ಲ ಹೇಳಿ ಕಳಿಸಿದ್ದರು. ಮೈಕಿನಲ್ಲಿ ಅರ್ಪಣೆಯ ಪುಟ ಓದಿದರು. ತಂದೆಯ ಹೆಸರು ಬಂತು, ತಾಯಿಯ ಹೆಸರು ಬಂತು, ಅಕ್ಷರ ಕಲಿಸಿದ ಗುರುಗಳ ಹೆಸರು, ತೀರಿಹೋದ ಹೆಂಡತಿಯ ಹೆಸರು ಬಂತು. ಅಲ್ಲಿಗೆ ಮುಗಿಯಿತು, ಜನ ಚಪ್ಪಾಳೆ ತಟ್ಟಿದರು. ಸುಂಕಮ್ಮ ಕೂಡ ತಟ್ಟಿದಳು. ಊಟಕ್ಕೆ ಕೂರಲಿಲ್ಲ. ಬಸ್ ಸ್ಟ್ಯಾಂಡಿಗೆ ಒಬ್ಬಳೇ ನಡೆದುಕೊಂಡು ಹೋದಳು. ಅಂದು ಕೊಟ್ಟೂರಿಗೆ ಬಂದವಳು ಹೇಳಿದ್ದು ಒಂದೇ ಮಾತು. “ಆ ಮನಿ ಹೊಸ್ತಿಲ ತುಳದಾಕಿ ಈ ಮನಿ ಹೊಸ್ತಿಲ ತುಳಿಯಂಗಿಲ್ಲ.”

ಅದು ಕೋಮಲಾಳಿಗೆ ಹೇಳಿದ ಮಾತೆಂದು ಎಲ್ಲರಿಗೂ ಗೊತ್ತಿತ್ತು. ಗಂಡ ಜಂಬುನಾಥ ಹಗರಿಬೊಮ್ಮನಹಳ್ಳಿಯ ಡಿಪೋದಲ್ಲಿ ಮೆಕ್ಯಾನಿಕ್. ಎಂಥ ಕೆಟ್ಟ ಎಂಜಿನ್ನನ್ನಾದರೂ ರಿಪೇರಿ ಮಾಡುತ್ತಾನೆ, ತಾಯಿಯ ಎದುರಿಗೆ ಮಾತ್ರ ಬಾಯಿ ಬಿಡುವುದಿಲ್ಲ. ಅತ್ತ ಗಂಗಪ್ಪ ಮಾಸ್ತರರೂ ಹಟದಲ್ಲಿ ಅಕ್ಕನಿಗೆ ತಕ್ಕ ತಮ್ಮ. ತಪ್ಪು ಏನೆಂದು ಅಕ್ಕ ಕೇಳಿದರೆ ಹೇಳುತ್ತೇನೆ ಎಂದು ಕೂತುಬಿಟ್ಟರು. ಅಕ್ಕ ಕೇಳಲಿಲ್ಲ. ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆ ಕೋಮಲಾ. ಹನ್ನೊಂದು ಪಂಚಮಿಗಳು ಬಂದು ಹೋದವು. ಓಣಿಯ ಸೊಸೆಯರೆಲ್ಲ ತವರಿಗೆ ಹೋಗಿ ಜೋಕಾಲಿ ಆಡಿ ಬಂದರು. ಅವಳು ಮಾತ್ರ ಗ್ರಂಥಾಲಯದ ಬೀಗ ತೆಗೆದು, ಬೀಗ ಹಾಕಿ ಮನೆಗೆ ಬಂದಳು. ಪಕ್ಕದ ಊರಿನ ಪಂಚಾಯಿತಿ ಗ್ರಂಥಾಲಯದಲ್ಲಿ ಅವಳಿಗೆ ಮೇಲ್ವಿಚಾರಕಿಯ ಕೆಲಸ.

ಆದರೂ ಕೋಮಲಾ ಒಂದು ದಾರಿ ಹುಡುಕಿಕೊಂಡಿದ್ದಳು. ಅಪ್ಪನ ಪುಸ್ತಕಗಳು ಅಚ್ಚಾಗುವುದು ಕೊಟ್ಟೂರಿನಲ್ಲೇ, ಕೊಟ್ರಬಸಪ್ಪನ ಪ್ರೆಸ್ಸಿನಲ್ಲಿ. ಅವುಗಳ ಪ್ರೂಫ್ ನೋಡುವ ಕೆಲಸವನ್ನು ಅವಳು ಗುಟ್ಟಾಗಿ ಹಿಡಿದಿದ್ದಳು. ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಮಲಗಿದ ಮೇಲೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು, ಅಪ್ಪನ ಕೈಬರಹದ ಹಾಳೆಯನ್ನು ಒಂದು ತೊಡೆಯ ಮೇಲೂ ಅಚ್ಚಿನ ಹಾಳೆಯನ್ನು ಇನ್ನೊಂದರ ಮೇಲೂ ಇಟ್ಟುಕೊಳ್ಳುವಳು. ಸುಮ್ಮನೆ ಕಣ್ಣಾಡಿಸಿದರೆ ತಪ್ಪು ಜಾರಿಕೊಳ್ಳುತ್ತದೆ, ಬಾಯಿಬಿಟ್ಟು ಓದಿದರೆ ಸಿಕ್ಕಿಬೀಳುತ್ತದೆ ಎಂದು ಕೊಟ್ರಬಸಪ್ಪ ಕಲಿಸಿಕೊಟ್ಟಿದ್ದ. ಹಾಗಾಗಿ ತಗ್ಗಿದ ದನಿಯಲ್ಲಿ ಒಂದೊಂದೇ ಸಾಲು ಓದುತ್ತಿದ್ದಳು. ಆ ಮೊದಲನೆಯದರ ನಂತರದ ಹದಿನಾಲ್ಕು ಪುಸ್ತಕ ಹೀಗೆ ಅವಳ ಬಾಯಿಂದ ಹಾದುಹೋದವು. ಅಪ್ಪ ಫೋನು ಇಟ್ಟುಕೊಂಡವರಲ್ಲ, ಅವರ ಅಕ್ಷರ ನೋಡುವುದೇ ಅವಳಿಗೆ ತವರು.

ಆ ಹದಿನಾಲ್ಕೂ ಕೈಬರಹಗಳ ಮೊದಲ ಹಾಳೆಯಲ್ಲಿ ಒಂದು ಸಾಲು ಇದ್ದೇ ಇರುತ್ತಿತ್ತು. ‘ನನ್ನನ್ನು ಹೊತ್ತು ತಿರುಗಿದ ಅಕ್ಕ ಸುಂಕಮ್ಮನಿಗೆ.’ ಆ ಸಾಲಿನ ಮೇಲೆ ಒಂದು ಗೆರೆಯೂ ಇರುತ್ತಿತ್ತು. ಅಪ್ಪನೇ ಬರೆದು ಅಪ್ಪನೇ ಹೊಡೆದದ್ದು. ಹೊಡೆದ ಸಾಲನ್ನು ಅಚ್ಚಿಗೆ ಕೊಡುವಂತಿಲ್ಲ. ಕೋಮಲಾ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದಳು.

ಒಮ್ಮೆ ಹರಪನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಅಪ್ಪನನ್ನು ಕದ್ದು ಭೇಟಿಯಾದಾಗ ಕೇಳಿದ್ದಳು. ಆಗ ಮಾಸ್ತರರು ತಲೆ ತಗ್ಗಿಸಿ ಹೇಳಿದ್ದರು. ಅವರ ಅಪ್ಪ ಗುಡಿ ಕಟ್ಟಲು ದುಡಿದದ್ದಕ್ಕೆ ಊರವರು ಕಲ್ಲಿನ ಮೇಲೆ ಅವನ ಹೆಸರು ಕೆತ್ತಿಸಿದರು. ಕೆತ್ತಿಸಿದ ತಿಂಗಳಲ್ಲೇ ಅವನು ತೀರಿಹೋದ. ಬದುಕಿರುವವರ ಹೆಸರನ್ನು ಅಕ್ಷರದಲ್ಲಿ ನಿಲ್ಲಿಸಬಾರದು ಎಂಬ ಅಂಜಿಕೆ ಅಂದಿನಿಂದ ಆ ಮನೆಯಲ್ಲಿ ಬೇರುಬಿಟ್ಟಿತು. ಮೊದಲ ಪುಸ್ತಕದ ಅಚ್ಚಿನ ಹಾಳೆ ಕೈಗೆ ಬಂದಾಗ ನಾಲ್ಕು ಜನ ದಿವಂಗತರ ಕೆಳಗೆ ಐದನೆಯದಾಗಿ ಅಕ್ಕನ ಹೆಸರು ಕಂಡಿತಂತೆ. ಕಂಡೊಡನೆ ಪೆನ್ನು ತಾನಾಗಿಯೇ ಅದರ ಮೇಲೆ ಎಳೆದುಬಿಟ್ಟಿತಂತೆ. ಸಾವಿರ ಮಕ್ಕಳಿಗೆ ವಿಜ್ಞಾನ ಕಲಿಸಿದ ಮಾಸ್ತರರು ಆ ಒಂದು ಹೆಸರನ್ನು ಮಾತ್ರ ಅಚ್ಚಿಗೆ ಬಿಡಲಾರದೆ ಹೋದರು.

“ಹೇಳಬ್ಯಾಡವ್ವ,” ಎಂದಿದ್ದರು. “ನಿನ್ನ ಹೆಸರು ಸತ್ತವರ ಸಾಲಿನ್ಯಾಗ ಬರದಿದ್ದ ಅಂತ ಅಕ್ಕಗ ಯಾವ ಬಾಯಿಲೆ ಹೇಳ್ತಿ?”

ಕೋಮಲಾ ಹೇಳಲಿಲ್ಲ. ಹೇಳಿದರೆ ಪ್ರೂಫಿನ ಗುಟ್ಟೂ ಬಯಲಾಗುತ್ತದೆ, ಇರುವ ಒಂದು ಎಳೆಯೂ ಹರಿಯುತ್ತದೆ ಎಂಬ ಹೆದರಿಕೆ ಅವಳದು. ಹೀಗೆ ಒಬ್ಬರು ಅಂಜಿ ಸುಮ್ಮನಾದರು, ಒಬ್ಬಳು ನೊಂದು ಸುಮ್ಮನಾದಳು, ಇನ್ನೊಬ್ಬಳು ಇಬ್ಬರನ್ನೂ ಕಳೆದುಕೊಳ್ಳಬಾರದೆಂದು ಸುಮ್ಮನಾದಳು. ಹನ್ನೊಂದು ವರ್ಷ ಕಳೆಯಿತು.

ಹೊಳಲಿನ ಪುಸ್ತಕ ಉರಿದ ಮರುದಿನ ಮಧ್ಯಾಹ್ನ ಕೆಲಸ ಮುಗಿಸಿ ಬರುವಾಗ ಕೋಮಲಾ ಪ್ರೆಸ್ಸಿಗೆ ಹೋದಳು. ಹರಪನಹಳ್ಳಿಯ ಒಂದು ಮದುವೆಗೆ, ಅವಳ ಕೈಗೆ ಬರಬೇಕಾದ ಹದಿನೈದನೆಯ ಪುಸ್ತಕ ಒಪ್ಪಿಕೊಂಡಾಗಿತ್ತು. ಕೊಟ್ರಬಸಪ್ಪ ಎಂದಿನಂತೆ ಚಹಾ ತರಿಸಲಿಲ್ಲ. ಕಟ್ಟು ಮುಂದಿಟ್ಟು ಬೇರೆ ಕಡೆ ನೋಡಿದ. ಅಚ್ಚಿನ ಹಾಳೆ ಇರಲಿಲ್ಲ, ಬರೀ ಕೈಬರಹ. ಮೊದಲ ಹಾಳೆಯಲ್ಲಿ ಅದೇ ಸಾಲು, ಅದೇ ಗೆರೆ. ಮೂವತ್ತನೆಯ ಮಾತಿನಿಂದಾಚೆ ಅಕ್ಷರಗಳು ಓಲಾಡುತ್ತಿದ್ದವು. ಮೂವತ್ತೊಂಬತ್ತನೆಯದು ಅರ್ಧಕ್ಕೆ ನಿಂತಿತ್ತು. ಅದರ ಮುಂದಿನ ಹಾಳೆಗಳೆಲ್ಲ ಖಾಲಿ.

“ಅಕ್ಕಾರ, ಹುಲುಗಮ್ಮ ಅಂತ ಅವರ ಮಗ್ಗಲ ಮನಿಯಾಕಿ ಇದನ್ನ ಕಳಿಸ್ಯಾಳ್ರಿ,” ಎಂದ ಕೊಟ್ರಬಸಪ್ಪ. “ಮಾಸ್ತರಿಗೆ ಲಕ್ವಾ ಹೊಡದು ಹದಿನೈದು ದಿನ ಆತಂತ. ದವಾಖಾನಿಯಿಂದ ಮನಿಗೆ ಬಂದಾರ. ಬಲಗೈ ಇಲ್ಲ, ಮಾತೂ ಇಲ್ಲ. ನಿಮಗ ತಿಳಿಸಬ್ಯಾಡ ಅಂತ ಕೈ ಸನ್ನಿ ಮಾಡಿದ್ರಂತ. ಮಗಳ ಮನಿ ಮುರದೀತು ಅಂತ...”

ಕೋಮಲಾ ಅಲ್ಲಿ ಅಳಲಿಲ್ಲ. ಹಾಳೆಗಳನ್ನು ಎದೆಗವಚಿಕೊಂಡು ಬಿಸಿಲಲ್ಲಿ ನಡೆದಳು. ಹದಿನೈದು ದಿನ! ಆ ಹದಿನೈದು ದಿನ ತಾನು ರೊಟ್ಟಿ ಬಡಿದಿದ್ದೇನು, ಗ್ರಂಥಾಲಯದಲ್ಲಿ ಪತ್ರಿಕೆ ಜೋಡಿಸಿದ್ದೇನು, ಮದುವೆಗೆ ಹೋಗಿ ಹೋಳಿಗೆ ಉಂಡಿದ್ದೇನು... ದಾರಿಯಲ್ಲಿ ನಿಂತು ಗಂಡನಿಗೆ ಫೋನು ಮಾಡಿದಳು. ಜಂಬುನಾಥ ಅಯ್ಯೋ ಮಾವ ಎಂದ. ಆಮೇಲೆ, ಅವ್ವನನ್ನು ಒಂದು ಮಾತು ಕೇಳಿ ಹೋಗು ಎಂದ. ಅವಳಿಗೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಬರಬೇಕಾದರೂ ಮೈಯಲ್ಲಿ ಒಂದಿಷ್ಟು ಶಕ್ತಿ ಉಳಿದಿರಬೇಕು.

ಮನೆಗೆ ಬಂದಾಗ ಸುಂಕಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ನವಣೆ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಕೋಮಲಾ ಹೊಸ್ತಿಲ ಮೇಲೆಯೇ ಕುಸಿದು ಕೂತಳು. ಹಾಳೆಗಳನ್ನು ಇವತ್ತು ಸೆರಗಿನೊಳಗೆ ಮುಚ್ಚಲಿಲ್ಲ.

“ಏನಾತು?” ಎಂದಳು ಸುಂಕಮ್ಮ.

“ಅಪ್ಪಗ ಲಕ್ವಾ ಹೊಡದೈತಿ ಅತ್ತಿ. ಕೈ ಬಿದ್ದೈತಿ. ಮಾತು ನಿಂತೈತಿ.”

ಮೊರದಲ್ಲಿ ಬೆರಳು ನಿಂತವು. ಮತ್ತೆ ಆಡಿದವು. “ನಿಂತಿತಾ? ನಿಲ್ಲಲಿ ಬಿಡು,” ಎಂದಳು ಮುದುಕಿ. “ಮಂದಿ ಮಾತು ತಂದು ತನ್ನ ಮಾತು ಅಂತ ಎಷ್ಟು ದಿನ ಹೇಳ್ಯಾನು.”

ಕೋಮಲಾಳಿಗೆ ಅರ್ಥವಾಗಲಿಲ್ಲ. ಸಾಯುವ ಹಾಗೆ ಮಲಗಿದ ತಮ್ಮನ ಮೇಲೆ ಇಂಥ ಮಾತೇ ಎನ್ನಿಸಿತು. ಯಾರ ಮಾತು ಎಂದು ಕೇಳಿದಳು.

“ಓದು,” ಎಂದಳು ಸುಂಕಮ್ಮ. “ಹಿತ್ತಲದಾಗ ಕುಂತು ದಿನಾ ಓದ್ತೀಯಲ್ಲ, ಇವತ್ತ ನನ್ನ ಮುಂದ ಓದು. ನನ್ನ ಕಣ್ಣು ಮಂಜಾಗ್ಯಾವ, ಕಿವಿ ಚೊಲೊ ಅದಾವ.”

ಗೊತ್ತಿತ್ತು! ಹನ್ನೊಂದು ವರ್ಷ ಗೋಡೆಯ ಈಚೆ ಕಣ್ಣು ಮುಚ್ಚಿ ಮಲಗಿದ್ದವಳಿಗೆ ಎಲ್ಲವೂ ಗೊತ್ತಿತ್ತು. ಕೋಮಲಾ ಏನು ಮಾಡುವುದೋ ತಿಳಿಯದೆ ಬರಹವಿದ್ದ ಕೊನೆಯ ಹಾಳೆ ಹಿಡಿದು, ಓಲಾಡುವ ಅಕ್ಷರಗಳನ್ನು ಓದಿದಳು. “ಮೂವತ್ತೊಂಬತ್ತು. ದಣಿದು ಬಂದವರನ್ನು ಏನಾಯಿತೆಂದು ಕೇಳಬೇಡ. ಮೊದಲು...” ಅವಳ ದನಿ ನಿಂತಿತು. “ಇಷ್ಟ ಐತಿ ಅತ್ತಿ. ಮುಂದ ಬರಿಯಾಕ ಆಗಿಲ್ಲ.”

ಸುಂಕಮ್ಮ ಮೊರ ಕೆಳಗಿಟ್ಟಳು. “ಮೊದಲ ಒಂದು ತಂಬಿಗಿ ನೀರು ಕೊಡು,” ಎಂದಳು. “ನೀರು ಕುಡದಮ್ಯಾಲ ಏನಾತು ಅಂತ ಅವರ ಹೇಳ್ತಾರ.”

ಆಮೇಲೆ ಮುದುಕಿ ನಿಧಾನವಾಗಿ ಹೇಳಿದಳು. ಚಿಕ್ಕಂದಿನಲ್ಲಿ ಕುರಿಹಟ್ಟಿಯ ಬಾಗಿಲಲ್ಲಿ ಕೂತು ತಾನು ಹೇಳಿದ ಮಾತು ಅದು. ಗಂಗ್ಯಾ ಶಾಲೆಯಿಂದ ಬಂದು ಅವತ್ತಿನ ಪಾಠ ಹೇಳುತ್ತಿದ್ದ, ಪ್ರತಿಯಾಗಿ ಅವಳು ಅವತ್ತು ಕುರಿಯ ಹಿಂದೆ ತಿರುಗುವಾಗ ತಿಳಿದದ್ದು ಏನಾದರೂ ಹೇಳಬೇಕಾಗಿತ್ತು. ಅದು ಅಕ್ಕ ತಮ್ಮನ ಆಟ. ಅವನಿಗೆ ಶಾಲೆ ಪಾಠ ಕಲಿಸಿತು, ಅವಳಿಗೆ ಅಡವಿ ಕಲಿಸಿತು. ಕೇಳದೆ ಹಸಿವು ತಿಳಿಯುವವನೇ ಮನೆಯವನು ಎಂಬುದು ಅವಳ ಮಾತು. ಕುಂಟುವ ಮರಿಯ ನಡಿಗೆಗೆ ಹಿಂಡು ನಡೆಯಬೇಕು ಎಂಬುದು ಅವಳ ಮಾತು.

“ಎಲ್ಲಾ ನನ್ನವ,” ಎಂದಳು. “ಮಾತು ತಗೊಂಡದ್ದಕ್ಕ ನನಗ ಸಿಟ್ಟಿಲ್ಲ. ಅವನಿಗೆ ಅಂತನ ಹೇಳಿದ್ದೆ. ಆದ್ರ ಸತ್ತವರನ್ನೆಲ್ಲ ಹೆಸರು ಹಿಡದು ಕರದ. ಎದುರಿಗೆ ಕುಂತಿದ್ದೆ, ನನ್ನ ಕರೀಲಿಲ್ಲ. ಪ್ರತಿಯೊಂದು ಪುಸ್ತಕ ನೀ ಓದುವಾಗ ಕಿವಿ ಕೊಡ್ತಿದ್ದೆ. ಈ ಸಲನರೆ ಬಂದೀತು, ಈ ಸಲನರೆ... ಒಂದು ಸಲನೂ ಬರಲಿಲ್ಲ.”

ಕೋಮಲಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹೊಡೆದ ಸಾಲನ್ನು ಯಾರೂ ಬಾಯಿಬಿಟ್ಟು ಓದುವುದಿಲ್ಲ. ಉಳಿದ ಪ್ರತಿಯೊಂದು ಅಕ್ಷರವನ್ನೂ ಓದಿ, ಆ ಮುದಿಜೀವ ಕಾಯುತ್ತಿದ್ದ ಒಂದೇ ಒಂದು ಸಾಲನ್ನು ತಾನು ಹದಿನಾಲ್ಕು ಸಲ ನುಂಗಿಕೊಂಡಿದ್ದೆ ಎಂಬುದು ಅವಳಿಗೆ ಆಗ ಹೊಳೆಯಿತು. ಇದಕ್ಕಿಂತ ಅವಳು ಅತ್ತೆಯ ಕೈಯಲ್ಲಿ ಎರಡು ಏಟು ತಿಂದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ.

“ಬಂದಿತ್ತು ಅತ್ತಿ,” ಎಂದಳು. “ಪ್ರತಿ ಸಲಾನೂ ಬಂದಿತ್ತು. ನಾನ ಓದಲಿಲ್ಲ... ನೀ ನನ್ನ ಬೈ, ಹೊಡಿ, ಮನಿ ಬಿಡಿಸು, ನಾ ಏನೂ ಅನ್ನಂಗಿಲ್ಲ. ಆದ್ರ ಇದನ್ನ ಕೇಳು.” ಹತ್ತೊಂಬತ್ತು ವರ್ಷದ ‘ನೀವು’ ಎಲ್ಲಿ ಹೋಯಿತೋ, ಸೊಸೆ ಹೋಗಿ ಸೋದರ ಸೊಸೆ ಉಳಿದಿದ್ದಳು. ಮೊದಲ ಹಾಳೆ ಹಿಡಿದು ಓದಿದಳು. “ನನ್ನನ್ನು ಹೊತ್ತು ತಿರುಗಿದ ಅಕ್ಕ ಸುಂಕಮ್ಮನಿಗೆ.”

ಕಲ್ಲಿನ ಮೇಲೆ ಅಜ್ಜನ ಹೆಸರು ಕೆತ್ತಿಸಿದ್ದು, ಅಪ್ಪನ ಅಂಜಿಕೆ, ಬಸ್ ಸ್ಟ್ಯಾಂಡಿನ ಮಾತು, ತನ್ನ ಬಾಯಿಗೆ ತಾನೇ ಹಾಕಿಕೊಂಡ ಬೀಗ, ಎಲ್ಲವನ್ನೂ ಬಿಕ್ಕುತ್ತ ಹೇಳಿದಳು. ಆ ಕಲ್ಲಿನ ಕಥೆಯನ್ನು ಸುಂಕಮ್ಮನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ಅಪ್ಪನ ಹೆಣದ ಮುಂದೆ ಕೂತು ಅತ್ತವಳು ಅವಳೇ. ಹಾಳೆಯನ್ನು ಈಸಿಕೊಂಡು ಕಣ್ಣಿನ ಹತ್ತಿರ ಹಿಡಿದಳು.

“ಎಲ್ಲೈತಿ?”

ಕೋಮಲಾ ಅವಳ ಬೆರಳನ್ನು ಹಿಡಿದು ಆ ಸಾಲಿನ ಮೇಲೆ ಇಟ್ಟಳು. ಮುದುಕಿ ಅದರ ಮೇಲೆ ಬೆರಳಾಡಿಸಿದಳು. “ಈ ಗೆರಿ ಅಳಿಸಿದ್ರ ಹೋಗಂಗಿಲ್ಲೇನು?”

“ಪೆನ್ನಿನ ಗೆರಿ ಅತ್ತಿ. ಹೋಗಂಗಿಲ್ಲ.”

ಸುಂಕಮ್ಮ ಗೋಡೆ ಹಿಡಿದು ಎದ್ದಳು. ಅಡುಗೆಮನೆಗೆ ಹೋಗಿ ಒಂದು ತಂಬಿಗೆ ನೀರು ತಂದು ಸೊಸೆಯ ಮುಂದೆ ಇಟ್ಟಳು. ತಾನು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತಳು. ದೀಪ ಹಚ್ಚುವ ಹೊತ್ತಿನವರೆಗೂ ಒಳಗೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಕೋಮಲಾ ಸ್ನಾನ ಮಾಡಿ ಬರುವಷ್ಟರಲ್ಲಿ ಸುಂಕಮ್ಮ ಆ ಹಸಿರು ಇಳಕಲ್ ಸೀರೆಯುಟ್ಟು ಬಾಗಿಲಲ್ಲಿ ಕೂತಿದ್ದಳು. ಕೈಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೈಲಾರಲಿಂಗನ ಅರಿಶಿನ ಭಂಡಾರದ ಪೊಟ್ಟಣ. ಅವರ ಪೈಕಿಯಲ್ಲಿ ಹೆಣ್ಣುಮಕ್ಕಳು ಕರೆಯದೆ ತವರಿಗೆ ಹೋಗುವುದಿಲ್ಲ, ಅಣ್ಣನೋ ತಮ್ಮನೋ ಬಂದು ಕರೆಯಬೇಕು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಜಂಬುನಾಥ ಹೆದರಿಕೊಂಡೇ ಅದನ್ನು ನೆನಪಿಸಿದ.

“ಹದಿನಾಕು ಸಲ ಕರದಾನಪ್ಪ,” ಎಂದಳು ಸುಂಕಮ್ಮ. “ನನಗ ಕೇಳಸಿದ್ದಿಲ್ಲ. ಇದು ಹದಿನೈದನೇದು. ಬಸ್ಸು ಎಷ್ಟೊತ್ತಿಗೆ ಐತಿ, ಹೇಳು.”

ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ ಅರಸೀಕೆರೆ ಮುಟ್ಟುವವರೆಗೂ ಕೋಮಲಾ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಇಷ್ಟು ವರ್ಷ ಇದೇ ದಾರಿಗಾಗಿ ಹಾತೊರೆದಿದ್ದಳು. ಈಗ ದಾರಿ ತೆರೆದಾಗ ಸಂತೋಷಪಡುವುದಕ್ಕೂ ತ್ರಾಣವಿರಲಿಲ್ಲ. ಒಂದು ಮಾತು ಮೊದಲೇ ಆಡಿದ್ದರೆ ಅಪ್ಪನ ದನಿಯನ್ನು ಹನ್ನೊಂದು ವರ್ಷ ಕೇಳಬಹುದಿತ್ತು, ಇನ್ನು ಹೋಗಿ ಕೇಳುವುದೇನಿದೆ ಎಂದು ಮತ್ತೆ ಮತ್ತೆ ಅನ್ನಿಸಿತು.

ಗಂಗಪ್ಪ ಮಾಸ್ತರರು ಕಿಟಕಿಯ ಬದಿಯ ಮಂಚದ ಮೇಲೆ ಮಲಗಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಮೊದಲು ಮಗಳನ್ನು ನೋಡಿದರು. ಅವಳ ಹಿಂದೆ ಹಸಿರು ಸೀರೆಯನ್ನು ಕಂಡರು. ಗಂಟಲಿನಿಂದ ಒಂದು ಸದ್ದು ಹೊರಟಿತು, ಅದು ಮಾತಾಗಲಿಲ್ಲ. ಎಡಗೈ ಒಂದಷ್ಟು ಎತ್ತರಕ್ಕೆ ಎದ್ದು ಬಿತ್ತು.

ಹುಲುಗಮ್ಮ ಕಣ್ಣೊರೆಸಿಕೊಳ್ಳುತ್ತ ರೋಗ ಬಂದ ಬಗೆಯನ್ನು ಹೇಳಲು ಹೊರಟಳು. ಸುಂಕಮ್ಮ ಕೈ ಸನ್ನೆಯಿಂದಲೇ ತಡೆದಳು. ಮಂಚದ ಅಂಚಿಗೆ ಕೂತು, ತಮ್ಮನ ಹಣೆಗೆ ಭಂಡಾರ ಹಚ್ಚಿ, ತಂಬಿಗೆಯಲ್ಲಿ ನೀರು ತರಿಸಿ, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಅವನ ಬಾಯಿಗೆ ಬಿಟ್ಟಳು. ಅರ್ಧ ನೀರು ಗಲ್ಲದ ಮೇಲೆ ಹರಿಯಿತು. ಅದನ್ನು ಇಳಕಲ್ ಸೆರಗಿನಿಂದ ಒರೆಸಿದಳು. ಏನಾಯಿತೆಂದು ಕೇಳಲಿಲ್ಲ. ತಮ್ಮನ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಅದನ್ನೂ ಒರೆಸಿದಳು. ಕೋಮಲಾ ಅಪ್ಪನ ಕಾಲ ಬಳಿ ಕೂತು, ಪಾದದ ಮೇಲೆ ಹಣೆಯಿಟ್ಟು ಮನಸಾರೆ ಅತ್ತಳು.

ಹರಪನಹಳ್ಳಿಯ ಮದುವೆ ಹತ್ತಿರವಾಗಿತ್ತು. ಮರುದಿನ ಪುಸ್ತಕದ ಕೆಲಸಕ್ಕೆ ಕೂತರು. ಸುಂಕಮ್ಮ ಹೇಳುವುದು, ಕೋಮಲಾ ಬರೆಯುವುದು. ಮಾಸ್ತರರು ಮಲಗಿದಲ್ಲೇ ಕೇಳಿ, ಮಾತು ಸರಿಯೆನಿಸಿದರೆ ಕಣ್ಣು ಮುಚ್ಚಿ ತೆರೆಯುವರು, ಸರಿ ಹೋಗದಿದ್ದರೆ ತಲೆಯಾಡಿಸುವರು. ಮಾತಿಲ್ಲದಿದ್ದರೂ ಮಾಸ್ತರಿಕೆ ಬಿಟ್ಟಿರಲಿಲ್ಲ. ಎರ್ರಾಬಿರ್ರಿ ತಲೆಯಾಡಿಸಿದಾಗ ಅಕ್ಕ ಗದರಿಸುವಳು, ಅವರ ಸೊಟ್ಟ ಬಾಯಿಯಲ್ಲಿ ಏನೋ ನಗೆಯಂಥದ್ದು ಮೂಡುವುದು. ಮೂರು ದಿನಕ್ಕೆ ಉಳಿದ ಮಾತು ಸೇರಿ ಅರವತ್ತು ತುಂಬಿತು.

“ಈಗ ಮೊದಲ್ನೇ ಹಾಳಿ,” ಎಂದಳು ಸುಂಕಮ್ಮ. “ಆ ಸಾಲು ಬರಿ.”

ಕೋಮಲಾ ಹೊಸ ಹಾಳೆಯಲ್ಲಿ ಬರೆದು ಅಪ್ಪನಿಗೆ ತೋರಿಸಿದಳು. ಮಾಸ್ತರರ ಮುಖ ಬದಲಾಯಿತು. ತಲೆಯನ್ನು ಅತ್ತಿತ್ತ ಆಡಿಸಿದರು. ಎಡಗೈಯನ್ನು ಎಳೆದೆಳೆದು ತಂದು, ಮಗಳ ಕೈಯಲ್ಲಿದ್ದ ಪೆನ್ನನ್ನು ಬೆರಳುಗಳ ನಡುವೆ ಸಿಕ್ಕಿಸಿಕೊಂಡರು. ಬರೆಯಲು ಬಾರದ ಆ ಕೈ ನಡುಗುತ್ತ ಆ ಸಾಲಿನ ಹತ್ತಿರ ಬಂತು. ಈಗಲೂ, ಇಷ್ಟಾದ ಮೇಲೂ, ಅದಕ್ಕೆ ಗೆರೆ ಎಳೆಯಬೇಕಾಗಿತ್ತು. ಎಳೆದರೆ ಅಕ್ಕ ಬದುಕುತ್ತಾಳೆ.

ಸುಂಕಮ್ಮ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಬಿಡಲೇ ಗಂಗ್ಯಾ,” ಎಂದಳು. “ಅಪ್ಪ ಕಲ್ಲಿನ ಮ್ಯಾಲ ಬರಸಿಕೊಂಡು ಸತ್ತ, ಖರೆ. ನನಗ ಎಪ್ಪತ್ತಾರು. ಬರಸಿಕೊಳ್ಳದಿದ್ರ ಸಾಯದಂಗ ಇರ್ತೀನೇನು? ಸತ್ತಮ್ಯಾಲ ನನ್ನ ಹೆಸರು ಯಾರರೆ ಓದಿದ್ರ ನನಗ ಕೇಳಸ್ತೈತೇನು?”

ಮಾಸ್ತರರು ಅಕ್ಕನ ಮುಖವನ್ನೇ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬೆರಳುಗಳು ಸಡಿಲಾದವು, ಪೆನ್ನು ಕೌದಿಯ ಮೇಲೆ ಬಿತ್ತು. ಕೋಮಲಾ ಅದನ್ನೆತ್ತಿ ಮುಚ್ಚಳ ಹಾಕಿದಳು.

ರಜೆ ಮುಗಿದಿತ್ತು. ಇನ್ನೂ ಒಂದು ತಿಂಗಳು ರಜೆ ಬರೆದು ಅಪ್ಪನ ಬಳಿಯೇ ಉಳಿಯಬೇಕೆಂದು ಕೋಮಲಾ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು. ಸುಂಕಮ್ಮ ಕೇಳಲಿಲ್ಲ. ನಿನಗೆ ಕೆಲಸ ಇದೆ, ಗಂಡ ಇದ್ದಾನೆ, ಇವನನ್ನು ಹೊತ್ತು ತಿರುಗಿದವಳು ನಾನು, ನಾನೇ ಇರುತ್ತೇನೆ ಎಂದಳು. ಹನ್ನೊಂದು ವರ್ಷ ಅಪ್ಪನ ಹತ್ತಿರ ಹೋಗಗೊಡಲಿಲ್ಲ, ಈಗ ಸೇವೆ ಮಾಡುವ ಭಾಗ್ಯವನ್ನೂ ತಾನೇ ತೆಗೆದುಕೊಂಡಳಲ್ಲ ಎಂದು ಕೋಮಲಾಳಿಗೆ ಒಂದು ಗಳಿಗೆ ಸಂಕಟವಾಯಿತು. ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. ಎಪ್ಪತ್ತಾರರ ಅಕ್ಕ ಎಪ್ಪತ್ತೊಂದರ ತಮ್ಮನ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸುತ್ತ, ಏಳಲೇ, ಶಾಲಿಗೆ ಹೊತ್ತಾತು ಎನ್ನುತ್ತಿದ್ದಳು. ಕೋಮಲಾ ಬರೆದ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ನಾಲ್ಕು ದಿನಕ್ಕೆ ಕೊಟ್ರಬಸಪ್ಪ ಪ್ರೂಫ್ ಕಳಿಸಿದ. ಮಧ್ಯಾಹ್ನ ಕೊಟ್ಟೂರಿನ ಮನೆಯಲ್ಲಿ ಯಾರೂ ಇರಲಿಲ್ಲ. ಪಡಸಾಲೆಯಲ್ಲಿ ಅತ್ತೆಯ ಚಾಪೆ ಸುತ್ತಿ ಗೋಡೆಗೆ ನಿಲ್ಲಿಸಿತ್ತು. ಕೋಮಲಾ ದಣಿದ ಮೈಯನ್ನು ಒಗೆಯುವ ಕಲ್ಲಿನ ಮೇಲೆ ಇಳಿಸಿ, ತೊಡೆಯ ಮೇಲೆ ಹಾಳೆ ಹರಡಿಕೊಂಡಳು. ಹಳೆಯ ಅಭ್ಯಾಸ, ದನಿ ತಾನಾಗಿಯೇ ತಗ್ಗಿತು. ಓದುವುದನ್ನು ನಿಲ್ಲಿಸಿದಳು. ಫೋನು ತೆಗೆದು ಅರಸೀಕೆರೆಯ ಹುಲುಗಮ್ಮನಿಗೆ ಹಚ್ಚಿ, ಅವಳ ಫೋನನ್ನು ಅತ್ತೆಯ ಕಿವಿಗೆ ಹಿಡಿಯಲು ಹೇಳಿದಳು. ಆಮೇಲೆ ಮೊದಲ ಪುಟದ ಮೊದಲ ಸಾಲಿನಿಂದ, ಗಟ್ಟಿಯಾಗಿ ಓದತೊಡಗಿದಳು.